ವೈದ್ಯವಿದ್ಯೆಯಲ್ಲಿ ಯಂತ್ರದ ಪಾಠ

1910ರಲ್ಲಿ ಡಾ. ಫ.ಗು. ಹಳಕಟ್ಟಿಯವರು ಸ್ಥಾಪಿಸಿ, ಬಂಥನಾಳದ ಸಂಗನಬಸವ ಶಿವಯೋಗಿಗಳು ಪೋಷಿಸಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ಅಂದಿನ ಬಿಜಾಪುರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಸುತ್ತಲಿನ ಹಳ್ಳಿಗಳ ರೋಗಿಗಳೇ ಅಲ್ಲಿಯ ವಿದ್ಯಾರ್ಥಿಗಳಿಗೆ ಜೀವಂತ ಗ್ರಂಥಗಳಾದರು.

ಈಗ ವೈದ್ಯಶಿಕ್ಷಣದ ಬಾಗಿಲಿಗೆ ಹೊಸ ಸಾಧನಗಳು ಬಂದು ನಿಂತಿವೆ. ಯಂತ್ರಕನ್ನಡಕವನ್ನು ಧರಿಸಿದ ವಿದ್ಯಾರ್ಥಿಯು, ವರ್ಚುವಲ್ ರಿಯಾಲಿಟಿ ಎಂಬ ಕಲ್ಪಿತ ಲೋಕದಲ್ಲಿ, ಮಿಡಿಯುವ ಹೃದಯದೊಳಗೇ ನಿಂತು ಕವಾಟಗಳ ಚಲನೆಯನ್ನು ನೋಡಬಲ್ಲನು. ಆಗ್ಮೆಂಟೆಡ್ ರಿಯಾಲಿಟಿಯಲ್ಲಾದರೋ ಎದುರಿನ ನಿಜದೃಶ್ಯದ ಮೇಲೆಯೇ ನರನಾಡಿಗಳ ಚಿತ್ರ ಮೂಡುತ್ತದೆ. ಕೆಲವರು ಇದನ್ನು ಶ್ರೀಮಂತರ ಆಟಿಗೆಯೆಂದು ಹಳಿಯುತ್ತಾರೆ. ಮತ್ತೆ ಕೆಲವರು ಇನ್ನು ಶವಚ್ಛೇದನವೂ ಬೇಡ, ವಾರ್ಡೂ ಬೇಡವೆಂದು ಸಂಭ್ರಮಿಸುತ್ತಾರೆ. ಎರಡೂ ಅತಿರೇಕದ ಮಾತುಗಳೇ.

ಬಡವನ ದೇಹವು ಕಲಿಯುವವನ ಮೊದಲ ತಪ್ಪಿಗೆ ಗುರಿಯಾಗಬಾರದು. ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲು ಯಂತ್ರದಲ್ಲಿ ಕೈ ಪಳಗಿಸಿಕೊಂಡ ಕಿರಿಯ ಶಸ್ತ್ರವೈದ್ಯರು ಪಿತ್ತಕೋಶವನ್ನು ಬಿಡಿಸುವ ಕಾರ್ಯವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು; ಅವರ ತಪ್ಪುಗಳು ಇತರರ ತಪ್ಪುಗಳ ಆರನೆಯ ಒಂದು ಪಾಲಿನಷ್ಟಿದ್ದವು. ಅದರಲ್ಲಿ ಭಾಗಿಗಳಾದವರು 16 ಮಂದಿ ಮಾತ್ರ. ಆದರೂ ಅದು ತೋರಿದ ದಾರಿ ಉಪೇಕ್ಷಣೀಯವಲ್ಲ. ನಮ್ಮ ದೇಶದಲ್ಲಿಯೂ 2019ರ ನಿಯಮಗಳು ಪ್ರತಿಯೊಂದು ವೈದ್ಯಕೀಯ ಮಹಾವಿದ್ಯಾಲಯಕ್ಕೆ ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿದವು.

ಆದರೆ ಯಂತ್ರದೊಳಗಿನ ರೋಗಿಗೆ ಊರಿಲ್ಲ, ಸಂಸಾರವಿಲ್ಲ, ಸಾಲವಿಲ್ಲ. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೀಟನಾಶಕ ಸಿಂಪಡಿಸಿ, ಬೆವರುತ್ತ ಜೊಲ್ಲು ಸುರಿಸುತ್ತ ಬಂದ ಕೂಲಿಕಾರನ ಕುಗ್ಗಿದ ಕಣ್ಣಪಾಪೆಯನ್ನು ಗುರುತಿಸುವ ಪಾಠವೂ, ಬಬಲೇಶ್ವರದ ಹೊಲದಲ್ಲಿ ಹಾವು ಕಚ್ಚಿದವನ ಕಾಲಿಗೆ ಬಿಗಿದ ಹಗ್ಗವನ್ನು ವಿಷನಿವಾರಕ ಮದ್ದು ಸಿದ್ಧವಿಟ್ಟುಕೊಂಡೇ ಸಡಿಲಿಸುವ ಪಾಠವೂ ಹೊರದೇಶದಿಂದ ಕೊಂಡು ತಂದ ಪೆಟ್ಟಿಗೆಯಲ್ಲಿ ದೊರೆಯುವುದು ದುರ್ಲಭ. ಅಂಥ ಪಾಠಗಳನ್ನು ಇಲ್ಲಿಯ ಅಧ್ಯಾಪಕರೇ ಇಲ್ಲಿಯ ಜನರ ಕನ್ನಡದಲ್ಲಿ ರಚಿಸಬೇಕು. ಅವು ವಿಜಯಪುರ ನಗರದ ವಿದ್ಯಾರ್ಥಿಗಳಲ್ಲಿಯೇ ನಿಲ್ಲದೆ, ತಜ್ಞರ ನೆರವು ದೂರವಿರುವ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ದಾದಿಯರಿಗೂ ತಲುಪಬೇಕು. ಯಂತ್ರ ಬಂದಿತೆಂದು ರೋಗಿಯ ಹಾಸಿಗೆಯ ಬಳಿ ಗುರುವು ನಿಂತು ಕಲಿಸುವ ವೇಳೆಯನ್ನು ಕಡಿತಗೊಳಿಸುವುದು ಮಾತ್ರ ಸರ್ವಥಾ ಸಲ್ಲದು.

ಶರಣರು ಅರಿವನ್ನು ಆಚಾರದಿಂದ ಬೇರ್ಪಡಿಸಲಿಲ್ಲ. ಯಂತ್ರವು ಅರಿವಿಗೆ ಕಣ್ಣಾಗಲಿ. ನೊಂದವನ ಕೈ ಹಿಡಿದು ಮಾತನಾಡಿಸುವ ಆಚಾರವನ್ನು ನೊಂದವನ ಬಳಿಯೇ ಕಲಿಯಬೇಕು. ಶ್ರೀಮಠದ ಈ ಶಾಲೆಯಿಂದ ನಾಳೆ ವೈದ್ಯರಾಗಿ, ದಾದಿಯರಾಗಿ ಹೊರಡಲಿರುವ ಮಕ್ಕಳು ಈ ವಿವೇಕವನ್ನು ಇಂದೇ ರೂಢಿಸಿಕೊಂಡರೆ, ಅವರ ವಿದ್ಯೆ ಕಾಯಕವಾಗುವುದು. ಅವರ ಕಾಯಕ ದಾಸೋಹವಾಗುವುದು.