ಕೈಗೆ ಗ್ರೀಸು, ಕೈಯಲ್ಲಿ ಪಾನಾ



ಸಂಘದ ಅರಶಿನ ಕುಂಕುಮ ಕಾರ್ಯಕ್ರಮದಲ್ಲಿ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ನನ್ನ ಮಗ ಹತ್ತನೆಯದು ಮುಗಿಸಿ ಕಾರು ಮೆಕ್ಯಾನಿಕ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ. ನಿಮ್ಮ ಹುಡುಗನೂ ಅದೇ ಅಲ್ಲವಾ? ಏನು ಮಾಡಲಿ ಹೇಳಿ." ಆ ಧ್ವನಿ ಕೇಳಿದರೆ ಹುಡುಗನಿಗೆ ಏನೋ ಕಾಯಿಲೆ ಅಂಟಿದೆ ಅನ್ನಬೇಕು! ನಗು ಬಂತು, ಆದರೆ ನಗಲಿಲ್ಲ. 2017ರಲ್ಲಿ ನಾನೂ ಅದೇ ಧ್ವನಿಯಲ್ಲಿ ಮಾತನಾಡಿದವಳೇ. ಆಕೆಗೆ ಹೇಳಿದ್ದನ್ನೇ ಈ ಸಲ ನಿಮಗೂ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು. ನಾನು ಬಿ.ಎ. ಇಂಗ್ಲಿಷ್ ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದು ಒಲೆಯ ಮುಂದೆ ನಿಂತವಳು. ಕಿರಿಯ ಮಗ ಬಿ.ಕಾಂ. ಮಾಡಲಿ ಎಂಬುದು ನಮ್ಮ ಆಸೆ. ಅವನು ಐಟಿಐ ಸೇರಿದ ದಿನ ನೆಂಟರ ಫೋನಿಗೆ ಏನು ಉತ್ತರ ಹೇಳುವುದೆಂದು ನಾನು ಫೋನನ್ನೇ ಎತ್ತಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಊರಿನಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಮಕ್ಕಳು ಮೊಮ್ಮಕ್ಕಳು ನಾವು. ಕೈ ಕೊಳೆಯಾಗುವ ಕೆಲಸಕ್ಕೆ ನಾವು ಮೂಗು ಮುರಿಯುವುದೇ?

ಮೊದಲು ದಾರಿ ತಿಳಿದುಕೊಳ್ಳಿ. ಹತ್ತನೆಯದು ಪಾಸಾದವರಿಗೆ ಐಟಿಐಯಲ್ಲಿ 'ಮೆಕ್ಯಾನಿಕ್ ಮೋಟಾರ್ ವೆಹಿಕಲ್' ಎಂಬ 2 ವರ್ಷದ ಟ್ರೇಡ್ ಇದೆ. 'ಮೆಕ್ಯಾನಿಕ್ ಡೀಸೆಲ್' 1 ವರ್ಷದ್ದು. ನಮ್ಮ ಕಡೆ ಠಾಣೆಯಲ್ಲೂ ಅಂಬರನಾಥದಲ್ಲೂ ಸರಕಾರಿ ಐಟಿಐ ಇವೆ. ಯಾವ ವರ್ಷ ಎಲ್ಲಿ ಯಾವ ಟ್ರೇಡಿನಲ್ಲಿ ಎಷ್ಟು ಸೀಟು ಎಂಬುದನ್ನು ಅಲ್ಲಿಗೇ ಹೋಗಿ ಕೇಳಿ. ಅದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯಬಹುದು. ಊರಿನ ಕಡೆ ನೆಂಟರಿದ್ದರೆ ಅವರಿಗೂ ತಿಳಿಸಿ: ಬಿಡದಿಯಲ್ಲಿ ಟೊಯೋಟಾದವರು 2007ರಲ್ಲಿ ತೆರೆದ ತಾಂತ್ರಿಕ ಶಾಲೆಯಿದೆ. ಹತ್ತನೆಯದು ಮುಗಿಸಿದ ಮಕ್ಕಳನ್ನು ಆರಿಸಿ ಅಲ್ಲೇ ಇರಿಸಿಕೊಂಡು ಕಲಿಸುತ್ತಾರೆ.

ಕಲಿತ ಮೇಲೆ ಕೆಲಸ ಎಲ್ಲಿ? ಘೋಡ್‌ಬಂದರ್ ರಸ್ತೆ, ಕಲ್ಯಾಣ್-ಶೀಳ್ ರಸ್ತೆ, ತುರ್ಭೆಯ ಆಸುಪಾಸು ಒಮ್ಮೆ ಸುತ್ತಾಡಿ ನೋಡಿ. ಮುಂದೆ ಗಾಜಿನ ಶೋರೂಮು, ಹಿಂದೆ ವರ್ಕ್‌ಶಾಪು. ಅಲ್ಲಿ ಸರ್ವಿಸ್ ಅಡ್ವೈಸರ್ ಗಿರಾಕಿಯ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಯುತ್ತಾನೆ, ಸೂಪರ್‌ವೈಸರ್ ಅದನ್ನು ಮೆಕ್ಯಾನಿಕ್‌ನ ಕೈಗೆ ಕೊಡುತ್ತಾನೆ. ಮೊದಲ ಕೆಲವು ತಿಂಗಳು ನಿಮಗೆ ಸಿಗುವುದು ಆಯಿಲ್ ಇಳಿಸುವುದು, ಫಿಲ್ಟರ್ ಬದಲಿಸುವುದು, ಬ್ರೇಕ್ ಬಿಚ್ಚಿ ತೊಳೆಯುವುದು, ಅಷ್ಟೇ. ಇಂಜಿನು ಬಿಚ್ಚಲು ಕೊಡಲಿಲ್ಲವೆಂದು ಮುಖ ಊದಿಸಬೇಡಿ. ಸೊಸೆಗೆ ಬಂದ ದಿನವೇ ಯಾರೂ ಹೋಳಿಗೆ ಮಾಡಲು ಹೇಳುವುದಿಲ್ಲ.

ಇನ್ನು ಸಲಕರಣೆ. ಅಮೆರಿಕದಲ್ಲಿ ಮೆಕ್ಯಾನಿಕ್ ತನ್ನ ಪೆಟ್ಟಿಗೆಯನ್ನೆಲ್ಲ ತಾನೇ ಕೊಳ್ಳಬೇಕಂತೆ. ಕೆಲವರು ಅದಕ್ಕಾಗಿ ವರ್ಷಗಟ್ಟಲೆ ಕಂತು ಕಟ್ಟುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಡೀಲರೇ ಟೂಲ್ ಟ್ರಾಲಿ ಕೊಡುತ್ತಾನೆ. ಕಳೆದರೆ ಜವಾಬ್ದಾರಿ ನಿಮ್ಮದು. ಆದ್ದರಿಂದ ಸಾಲ ಮಾಡಿ ದೊಡ್ಡ ಪೆಟ್ಟಿಗೆ ಕೊಳ್ಳಬೇಡಿ. ಮನೆಯಲ್ಲಿ ಅಭ್ಯಾಸಕ್ಕೆ ಇಷ್ಟಿದ್ದರೆ ಸಾಕು: 8ರಿಂದ 19 ಮಿಲಿಮೀಟರ್‌ವರೆಗಿನ ರಿಂಗ್ ಪಾನಾ, ಫಿಕ್ಸ್ ಪಾನಾ, ಒಂದು ಗೋಟಿ ಪಾನಾ ಸೆಟ್ಟು, ಎರಡು ಮೂರು ಸ್ಕ್ರೂಡ್ರೈವರು, ಒಂದು ಪಕ್ಕಡ್, ಒಂದು ಮಲ್ಟಿಮೀಟರ್, ಒಳ್ಳೆಯ ಟಾರ್ಚು. ಮಸ್ಜಿದ್ ಬಂದರಿನ ಹತ್ತಿರದ ನಾಗದೇವಿ ಸ್ಟ್ರೀಟಿನಲ್ಲಿ ಎಲ್ಲವೂ ಸಿಗುತ್ತದೆ. ನಾಸಿಕ್‌ನ ಟಪಾರಿಯಾದಂಥ ನಮ್ಮವೇ ಗಟ್ಟಿ ಸಾಮಾನು ಇರುವಾಗ ಫುಟ್‌ಪಾತಿನ ಅಗ್ಗದ ಪಾನಾಕ್ಕೆ ಕೈ ಹಾಕಬೇಡಿ. ಬಾಯಿ ಸವೆದ ಪಾನಾ ನಟ್ಟಿನ ಮೂಲೆಯನ್ನು ತಿಂದುಹಾಕುತ್ತದೆ. ಕೈ ಜಾರಿದರೆ ಗೆಣ್ಣಿನ ಚರ್ಮ ಹೋಗುವುದು ನಿಮ್ಮದೇ. ಸಂಜೆ ಎಲ್ಲವನ್ನೂ ಒರೆಸಿ, ಎಣಿಸಿ ಇಡಿ. ಹೆಚ್ಚಾಗಿ ಕಾಣೆಯಾಗುವುದು 10 ಮಿಲಿಮೀಟರಿನ ಗೋಟಿ. ನಮ್ಮ ಅಡುಗೆಮನೆಯ ಚಿಕ್ಕ ಚಮಚದ ಹಾಗೆ!

ಮೈ ಕಾಯುವ ಮಾತೂ ಇದೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಬ್ಯಾಟರಿ ಮುಟ್ಟುವ ಮೊದಲು ಉಂಗುರ, ಕೈಗಡಿಯಾರ, ಕಡಗ ಬಿಚ್ಚಿ. ತಂತಿ ತೆಗೆಯುವಾಗ ನೆಗೆಟಿವ್ ಮೊದಲು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ತಂತಿ ಕಂಡರೆ ಅದು ನೂರಾರು ವೋಲ್ಟಿನದು. ಅದರ ತರಬೇತಿ ಆಗುವ ತನಕ ಕೈ ಹಿಂದಿಟ್ಟುಕೊಂಡೇ ನಿಲ್ಲಿ.

ನನ್ನ ಬಿ.ಎ. ಕೆಲಸಕ್ಕೆ ಬಂದದ್ದು ಎಲ್ಲಿ ಗೊತ್ತೇ? ಕಾರಿನ ಸರ್ವಿಸ್ ಮ್ಯಾನ್ಯುಯಲ್ ಓದುವುದರಲ್ಲಿ. ಮಗ ರಾತ್ರಿ ಊಟವಾದ ಮೇಲೆ ಪುಟ ತೆರೆಯುತ್ತಿದ್ದ, ನಾನು ಡಿಕ್ಷನರಿ ತೆರೆಯುತ್ತಿದ್ದೆ. 'ಟಾರ್ಕ್' ಎಂಬ ಮಾತು ತಿರುಚುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. 'ಟಾರ್ಚರ್' ಕೂಡ ಅದರ ಸೋದರಿಯೇ! ನಟ್ಟನ್ನು ಎಷ್ಟು ಬಲದಿಂದ ಬಿಗಿಯಬೇಕೆಂದು ಕಂಪನಿ ಲೆಕ್ಕ ಕೊಟ್ಟಿರುತ್ತದೆ. ಅದನ್ನು ಅಳೆಯುವ ಪಾನಾಕ್ಕೆ ಟಾರ್ಕ್ ರೆಂಚ್ ಎನ್ನುತ್ತಾರೆ. ಸಡಿಲವಾದರೆ ಚಕ್ರ ಕಳಚೀತು, ಅತಿಯಾದರೆ ಬೋಲ್ಟು ತುಂಡಾದೀತು. ಚಕ್ರದ ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಅಲ್ಲ, ಎದುರುಬದುರಾಗಿ ಬಿಗಿದು, ಕೊನೆಗೆ ರೆಂಚಿನಿಂದ ಅಳೆಯಬೇಕು. ಸಾರಿಗೆ ಉಪ್ಪನ್ನು ಕೈಯಂದಾಜಿನಲ್ಲಿ ಹಾಕುವವಳು ನಾನು. ಅಂದಾಜು ಸಲ್ಲದ ಜಾಗವೂ ಒಂದಿದೆ ಎಂದು ಮಗನಿಂದ ಕಲಿತೆ.

ಆ ಪಾಠ ನಿಜವಾಗಿ ತಲೆಗೆ ಹತ್ತಿದ್ದು ಒಂದು ರಾತ್ರಿ. ಅವನು ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಕೈ ತೊಳೆದು ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕುಳಿತ. ಮೂರು ಚಕ್ರಕ್ಕೆ ಟಾರ್ಕ್ ರೆಂಚ್ ಹಾಕಿದ್ದ. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಯಾರೋ ಕರೆದರು. ಬಂದು ಜಾಬ್ ಕಾರ್ಡಿಗೆ ಸಹಿ ಹಾಕಿಬಿಟ್ಟಿದ್ದ. ಗಾಡಿ ಸಂಜೆಯೇ ಹೋಗಿತ್ತು. ಮಕ್ಕಳೇ, ಆಗ ನಾನು ಹೇಳಿದ್ದನ್ನು ಮುಚ್ಚಿಡುವುದಿಲ್ಲ. "ಕೈಯಿಂದ ಬಿಗಿದಿದ್ದೀಯಲ್ಲ, ಏನೂ ಆಗಲಿಕ್ಕಿಲ್ಲ. ಈಗ ಹೇಳಿದರೆ ಕೆಲಸ ಹೋದೀತು, ಸುಮ್ಮನಿರು" ಎಂದೆ. ಅವನು ನನ್ನ ಮುಖ ನೋಡಿ, "ಅಮ್ಮಾ, ಆ ಗಾಡಿಯ ಹಿಂದಿನ ಸೀಟಿನಲ್ಲಿ ಚಿಕ್ಕ ಮಗುವಿನ ಕುರ್ಚಿ ಇತ್ತು" ಎಂದ. ಎಂಜಲು ಕೈಯಲ್ಲೇ ಎದ್ದು ಸೂಪರ್‌ವೈಸರಿಗೆ ಫೋನ್ ಮಾಡಿದ.

ಸೂಪರ್‌ವೈಸರ್ ಆಗಲೇ ಗಾಡಿಯ ಯಜಮಾನರಿಗೆ ಫೋನ್ ಮಾಡಿ, ಬೆಳಿಗ್ಗೆಯ ತನಕ ಗಾಡಿ ತೆಗೆಯಬೇಡಿ ಎಂದರು. ಬೆಳಕು ಹರಿಯುವಾಗ ಮಗ ಕಲ್ಯಾಣ್‌ನ ಅವರ ಕಟ್ಟಡದ ಕೆಳಗೆ ರೆಂಚ್ ಹಿಡಿದು ನಿಂತಿದ್ದ. ಎರಡು ನಟ್ಟುಗಳು ಇನ್ನೂ ಅರ್ಧ ಸುತ್ತು ತಿರುಗಿದುವಂತೆ. ವರ್ಕ್‌ಶಾಪಿನಲ್ಲಿ ಎಲ್ಲರೆದುರು ಬೈಸಿಕೊಂಡ, ಒಂದು ದಿನದ ಸಂಬಳವೂ ಹೋಯಿತು. ಮುಂದಿನ ವಾರ ಅದೇ ಸೂಪರ್‌ವೈಸರ್ ಅವನ ಕೈಗೆ ಮೊದಲ ಬಾರಿ ಬ್ರೇಕಿನ ಪೂರ್ತಿ ಕೆಲಸ ಕೊಟ್ಟರು. ನನ್ನ ಬುದ್ಧಿಮಾತು ಕೇಳಿದ್ದರೆ? ಆ ಯೋಚನೆ ಬಂದಾಗಲೆಲ್ಲ ಇಂದಿಗೂ ಎದೆ ನಡುಗುತ್ತದೆ.

ಕಾಲ ಬದಲಾಗುತ್ತಿದೆ. ನಾನು ಡೊಂಬಿವಲಿಗೆ ಬಂದ ಹೊಸದರಲ್ಲಿ ಪ್ರೀಮಿಯರ್ ಕಂಪನಿಯ ಕಾರ್ಖಾನೆ ನಮ್ಮ ಪಕ್ಕದಲ್ಲೇ ಇತ್ತು. ಅದೇ ಕಂಪನಿಯ ಪದ್ಮಿನಿ ಟ್ಯಾಕ್ಸಿಯ ರೋಗವನ್ನು ಹಳೆಯ ಮೇಸ್ತ್ರಿಗಳು ಶಬ್ದ ಕೇಳಿಯೇ ಹೇಳುತ್ತಿದ್ದರು. ಆ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಯಿಂದ ಮರೆಯಾದವು. 2020ರ ಏಪ್ರಿಲಿನಿಂದ ಬಿಎಸ್-6 ಗಾಡಿಗಳು ಬಂದಿವೆ. ಈಗ ಸ್ಕ್ಯಾನರ್ ಹಚ್ಚಿದರೆ ದೋಷದ ಕೋಡ್ ಕಾಣುತ್ತದೆ. ಆದರೆ ಕೋಡು ಬೆರಳು ತೋರಿಸುತ್ತದೆ ಅಷ್ಟೇ. ಸೆನ್ಸರ್ ಕೆಟ್ಟಿದೆಯೋ, ಅದರ ತಂತಿಯನ್ನು ಇಲಿ ಕಡಿದಿದೆಯೋ ಎಂದು ನೋಡಬೇಕಾದವರು ನೀವೇ. ಅದಕ್ಕೇ ಮಲ್ಟಿಮೀಟರ್ ಕಲಿಯಿರಿ, ಇಂಗ್ಲಿಷ್ ಓದಿ, ಕಂಪನಿಯ ತರಬೇತಿ ಯಾವುದಿದ್ದರೂ ಮೊದಲು ಹೆಸರು ಕೊಡಿ. 2 ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಉಂಟು.

ಮೊದಲ ಸಂಬಳ ದೊಡ್ಡದಿರುವುದಿಲ್ಲ, ಬೆನ್ನು ನೋಯುತ್ತದೆ, ಉಗುರಿನ ಸಂದಿಯ ಕಪ್ಪು ಮದುವೆಮನೆಯಲ್ಲೂ ಹೋಗುವುದಿಲ್ಲ. ಇದನ್ನೂ ತಿಳಿದೇ ಹೋಗಿ. ನಮ್ಮ ಹಿರಿಯರು 'ಕೈ ಕೆಸರಾದರೆ ಬಾಯಿ ಮೊಸರು' ಎಂದರು; ಗ್ರೀಸಿಗೂ ಅದೇ ಮಾತು.

ಆ ತಾಯಿ ತಮ್ಮ ಮಗನನ್ನು ಈ ಭಾನುವಾರ ನಮ್ಮ ಮನೆಗೆ ಕಳಿಸುವವರಿದ್ದಾರೆ. ನನ್ನ ಮಗ ತನ್ನ ಹಳೆಯ ರಿಂಗ್ ಪಾನಾ ಸೆಟ್ಟನ್ನು ಒರೆಸಿ ಅವನಿಗಾಗಿ ತೆಗೆದಿಟ್ಟಿದ್ದಾನೆ. 10 ಮಿಲಿಮೀಟರಿನ ಗೋಟಿ ಮಾತ್ರ ಹುಡುಕುತ್ತಿದ್ದೇವೆ!

ನಿಮ್ಮ ಪ್ರೀತಿಯ
ಆಂಟಿ