ಕುದ್ರುವಿನ ಬಾವಿಗೂ ಘಟ್ಟದ ಕಾಡಿಗೂ ಇರುವ ನಂಟು

ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಿಂತವರಿಗೆ ಸ್ವರ್ಣಾ ನದಿ ಒಂದೇ ನೀರಾಗಿ ಕಾಣುತ್ತದೆ. ವಾಸ್ತವದಲ್ಲಿ ಬೇಸಿಗೆಯಲ್ಲಿ ಅಲ್ಲಿ ಎರಡು ನೀರುಗಳು ಸೆಣಸುತ್ತಿರುತ್ತವೆ. ಒಂದು ಲೀಟರ್ ಸಿಹಿನೀರಿನ ತೂಕ ಸುಮಾರು 1000 ಗ್ರಾಂ. ಸಮುದ್ರದ ನೀರಿನದು ಸುಮಾರು 1025 ಗ್ರಾಂ. ಈ 25 ಗ್ರಾಂ ವ್ಯತ್ಯಾಸದಿಂದಲೇ ಉಪ್ಪುನೀರು ಸಿಹಿನೀರಿನ ಅಡಿಯಲ್ಲಿ ನುಸುಳಿ ನದಿಯೊಳಕ್ಕೆ ಏರಿಬರುತ್ತದೆ. ಹೊಳೆಯ ಹರಿವು ಬಲವಾಗಿದ್ದರೆ ಅದು ಕೋಡಿ ಬೆಂಗ್ರೆಯ ಅಳಿವೆಯತ್ತ ಹಿಮ್ಮೆಟ್ಟುತ್ತದೆ. ಹರಿವು ಕ್ಷೀಣಿಸಿದರೆ ಒಳನುಗ್ಗುತ್ತದೆ.

ನೆಲದೊಳಗೂ ಇದೇ ನಿಯಮ. 1889ರಲ್ಲಿ ಡಚ್ ಇಂಜಿನಿಯರ್ ಘೈಬೆನ್, 1901ರಲ್ಲಿ ಜರ್ಮನಿಯ ಹೆರ್ಜ್‌ಬರ್ಗ್ ಪ್ರತ್ಯೇಕವಾಗಿ ಕಂಡುಕೊಂಡ ಲೆಕ್ಕವಿದು: ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರದಲ್ಲಿ ನಿಂತ ಅಂತರ್ಜಲವು ಆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರನ್ನು ಕಾಯುತ್ತದೆ. ತಿರುಗಿಸಿ ಓದಿದರೆ ಎದೆ ನಡುಗುತ್ತದೆ. ಪಂಪಿನಿಂದ ಒಂದು ಅಡಿ ಮಟ್ಟ ತಗ್ಗಿಸಿದರೆ, ಉಪ್ಪುನೀರು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರಬಲ್ಲದು. ಸುತ್ತಲೂ ಹೊಳೆಯಿರುವ ಕುದ್ರುಗಳ ಬಾವಿಗಳು ಬದುಕಿರುವುದು ಈ ತೆಳುವಾದ ಸಮತೋಲದ ಮೇಲೆ.

ಇಲ್ಲಿ ಮರಳಿನ ಪ್ರಶ್ನೆ ಬರುತ್ತದೆ. ಮರಳೆಂದರೆ ಕೇವಲ ಕಟ್ಟಡದ ಸಾಮಗ್ರಿಯಲ್ಲ, ಅದು ನದಿಯ ತಳಹದಿ. ಪಾತ್ರವನ್ನು ಬಗೆದು ಆಳಗೊಳಿಸಿದಷ್ಟೂ ಉಪ್ಪುನೀರಿನ ನುಗ್ಗುವ ಬಲ ಹೆಚ್ಚುತ್ತದೆ. ಮರಳು ತೆಗೆದರೆ ನೆರೆ ತಗ್ಗುತ್ತದೆಂಬ ವಾದವುಂಟು. ಹೂಳು ತುಂಬಿದ ಕೆಲವೆಡೆ ಅದರಲ್ಲಿ ಹುರುಳೂ ಇದೆ. ಆದರೆ ಮಳೆಗಾಲದ ನಾಲ್ಕು ತಿಂಗಳ ಭಯಕ್ಕಾಗಿ ಬೇಸಿಗೆಯ ಕುಡಿಯುವ ನೀರನ್ನೇ ಬಲಿಗೊಡುವುದು ವಿವೇಕವಲ್ಲ.

ಘಟ್ಟದ ಮೇಲಿನ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. ಕಾಡಿನ ತರಗೆಲೆ ಹೊದ್ದ ಮಣ್ಣಿನಲ್ಲಿ ಇಂಗಿದ ಮಳೆ ತಿಂಗಳುಗಟ್ಟಲೆ ಒಸರಾಗಿ ಹೊಳೆ ಸೇರುತ್ತದೆ. ಬೋಳು ಇಳಿಜಾರಿನ ನೀರು ಕೆಲವೇ ಗಂಟೆಗಳಲ್ಲಿ ಧುಮ್ಮಿಕ್ಕುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಅರವತ್ತನಾಲ್ಕು ಪಟ್ಟಾಗುತ್ತದೆಂಬುದು ಜಲಶಾಸ್ತ್ರದ ಹಳೆಯ ಸೂತ್ರ. ನಮ್ಮ ಗುಡ್ಡದ ಮಣ್ಣು ಕೆಳಗಿನವರ ಗದ್ದೆ ಸೇರುವುದು ಹೀಗೆ. ಮಾರ್ಚಿನಲ್ಲಿ ಹೊಳೆ ಸೊರಗುವುದೂ ಹೀಗೆಯೇ. ಬಜೆ ಅಣೆಕಟ್ಟಿನ ನೀರು ಕುಡಿಯುವ ಉಡುಪಿ, ಮಣಿಪಾಲದ ನಾಗರಿಕರೂ ಈ ಲೆಕ್ಕದಿಂದ ಹೊರಗಿಲ್ಲ.

ಆದ್ದರಿಂದ ಆಗಬೇಕಾದುದು ಇಷ್ಟು: ನದಿಯ ತಳ ಬಗೆಯುವ ಯಂತ್ರಗಳು ನಿಲ್ಲಲಿ. ಕಿಂಡಿ ಅಣೆಕಟ್ಟುಗಳಿಗೆ ಹೊಳೆ ಸೊರಗುವ ಮೊದಲೇ ಹಲಗೆ ಬೀಳಲಿ. ಮೇಲ್ಭಾಗದ ಮದಕಗಳ ಹೂಳು ತೆಗೆದು ಇಳಿಜಾರಿನ ಹಸಿರು ಉಳಿಸೋಣ. ಶಾಲಾ ವಿದ್ಯಾರ್ಥಿಗಳು ಒಂದು ಹಗ್ಗ, ಒಂದು ನೋಟುಪುಸ್ತಕ ಹಿಡಿದು ಪ್ರತಿ ತಿಂಗಳೂ ಊರಬಾವಿಯ ಮಟ್ಟ ಬರೆದಿಡಲಿ. ಅಧಿಕಾರಿಗಳ ಮುಂದೆ ನಮ್ಮ ಅಳಲಿಗಿಂತ ಆ ಅಂಕಿಗಳು ಗಟ್ಟಿಯಾಗಿ ಮಾತಾಡುತ್ತವೆ.

ನೀರು ಯಾರ ಮಾತನ್ನೂ ಕೇಳದು, ತನ್ನ ನಿಯಮದಂತೆ ಹರಿಯುತ್ತದೆ. ಆ ನಿಯಮವನ್ನು ಅರಿತು ಬಾಳಬೇಕಾದವರು ನಾವು.