‘ಸುಮ್ನ ಕೂಡು’ ಅನ್ನುವ ಮೊದಲು

ಲಕ್ವಾ ಹೊಡೆದು ಬಲಗೈ ಸೋತ ಹೆಣ್ಣುಮಗಳೊಬ್ಬಳು ಕಲಬುರಗಿ ಜಿಲ್ಲೆಯ ತೆಂಗಳಿಯಲ್ಲೋ ಸೇಡಂನಲ್ಲೋ ಇದ್ದಾಳೆ ಎಂದುಕೊಳ್ಳಿ. ಗುಳಿಗೆ ನಡೆದಿದೆ, ಬಿ.ಪಿ. ಹತೋಟಿಗೆ ಬಂದಿದೆ, ಗೋಡೆ ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಆಸ್ಪತ್ರೆಯ ಲೆಕ್ಕದಲ್ಲಿ ಆಕೆ ಗುಣಮುಖಳು. ಆದರೆ ಹಿಟ್ಟು ನಾದಲು, ರೊಟ್ಟಿ ಬಡಿಯಲು, ಸೆರಗು ಸಿಕ್ಕಿಸಲು ಕೈ ಏಳುವುದಿಲ್ಲ. ಮನೆಯವರು ಪ್ರೀತಿಯಿಂದಲೇ ‘ನೀ ಸುಮ್ನ ಕೂಡವ್ವ’ ಅನ್ನುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟರು ಬೇಕಾಗುವುದು ಆ ಗಳಿಗೆಗೆ.

‘ಔದ್ಯೋಗಿಕ ಚಿಕಿತ್ಸೆ’ ಎಂಬ ಅನುವಾದ ಕೇಳಿದವರು ಇದನ್ನು ನೌಕರಿ ಕೊಡಿಸುವ ಯೋಜನೆ ಎಂದು ತಿಳಿದರೆ ತಪ್ಪು ಅವರದಲ್ಲ. ಇಲ್ಲಿ ಉದ್ಯೋಗವೆಂದರೆ ಉಣ್ಣುವುದು, ಮೈತೊಳೆಯುವುದು, ಅಂಗಿಯ ಗುಂಡಿ ಹಾಕುವುದು. ಮಕ್ಕಳಿಗಾದರೆ ಆಟ ಮತ್ತು ಅಕ್ಷರ. ಪರಾತದ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ, ಒಂದೇ ಕೈಯಲ್ಲಿ ಹಿಟ್ಟು ನಾದಬಹುದು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ, ಬೆರಳು ಬಿಗಿಯಾದ ಸೆರೆಬ್ರಲ್ ಪಾಲ್ಸಿಯ ಮಗುವಿಗೂ ಅದು ಹಿಡಿತಕ್ಕೆ ಸಿಗುತ್ತದೆ. ತಟ್ಟೆಯಲ್ಲಿ ಹರವಿದ ತೊಗರಿ ಕಾಳನ್ನು ಒಂದೊಂದಾಗಿ ಹೆಕ್ಕುವುದೂ ಬೆರಳಿಗೆ ಅಭ್ಯಾಸವೇ. ಯಾವುದಕ್ಕೂ ದುಬಾರಿ ಯಂತ್ರ ಬೇಡ. ಯಾರಿಗೆ ಯಾವುದು, ಎಷ್ಟು ದಿನ ಎಂದು ನೋಡಿ ಹೇಳುವ ಕಲಿತ ಕಣ್ಣು ಬೇಕು. ಶಹಾಬಾದ್ ಕಲ್ಲಿನ ಗಣಿ, ವಾಡಿಯ ಸಿಮೆಂಟು ನಂಬಿ ಬದುಕುವ ಈ ಸೀಮೆಯಲ್ಲಿ ಕೈ ನಜ್ಜಾದ ದುಡಿಮೆಗಾರನಿಗೂ ಅದೇ ಕಣ್ಣು ಬೇಕು.

ಈ ವಿದ್ಯೆ ದೇಶಕ್ಕೆ ಹೊಸದಲ್ಲ. 1950ರಲ್ಲೇ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಇದರ ಶಾಲೆ ತೆರೆದರು. ಆರೋಗ್ಯ ಸಂಬಂಧಿ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆ ಈ ವೃತ್ತಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ಆದರೂ ಹಳ್ಳಿಯವರ ಕೈಗೆಟಕುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂಥದೊಂದು ಹುದ್ದೆಯೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40ರ ಗೆರೆ ಎಳೆದಿದೆ. ಹೀಗಾಗಿ ನಮ್ಮ ವ್ಯವಸ್ಥೆಯ ಶಕ್ತಿಯೆಲ್ಲ ಶೇಕಡಾವಾರು ಅಳೆದು ಕಾರ್ಡು ಕೊಡುವುದರಲ್ಲೇ ಮುಗಿಯುತ್ತಿದೆ. ಕಾರ್ಡು ಬೇಕು, ಮಾಸಾಶನವೂ ಬೇಕು. ಆದರೆ ಕಾರ್ಡು ಪಡೆದ ಮಗು ಮನೆಯಲ್ಲಿ ತಾನಾಗಿ ಉಣ್ಣುತ್ತಿದೆಯೇ ಎಂದು ಕೇಳುವ ಕಾಲಮ್ಮು ಯಾವ ಅರ್ಜಿಯಲ್ಲಿದೆ?

ಊರಿಗೊಬ್ಬ ತಜ್ಞರು ಸಿಗುವುದಿಲ್ಲ, ನಿಜ. ಆದರೆ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಬಹುಪಾಲು ಅಂಗವಿಕಲರೇ. ಯಾವ ಮನೆಯ ಮೂಲೆಯಲ್ಲಿ ಯಾರು ಮಲಗಿದ್ದಾರೆಂದು ಅವರಿಗೆ ಗೊತ್ತು. ಅವರನ್ನು ಬರೀ ಅರ್ಜಿ ತುಂಬಲು ಬಳಸುವುದು ದೊಡ್ಡ ನಷ್ಟ. ಚಿತ್ತಾಪುರ, ಸೇಡಂ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ಥೆರಪಿಸ್ಟರನ್ನು ನೇಮಿಸಲಿ. ಅವರು ತಿಂಗಳಿಗೊಮ್ಮೆ ಪಂಚಾಯಿತಿಗೆ ಬಂದು ಅಭ್ಯಾಸ ಹೇಳಿಕೊಡಲಿ, ನಡುವಿನ ದಿನಗಳಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಮಾಡಿಸಲಿ. ಕಾರ್ಯಕರ್ತರಿಗೆ ಇದಕ್ಕೆ ತಕ್ಕ ತರಬೇತಿ, ತಕ್ಕ ಗೌರವಧನ ಕೊಡಲೇಬೇಕು. ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಈ ಭಾಗಕ್ಕೆ ಅಭಿವೃದ್ಧಿಯ ಹಣ ಪ್ರತ್ಯೇಕವಾಗಿ ಬರುತ್ತಿದೆ. ಕಟ್ಟಡದ ಜೊತೆಗೆ ಕಟ್ಟಡದೊಳಗಿನ ಮನುಷ್ಯರಿಗೂ ಅದರಲ್ಲಿ ಪಾಲಿರಲಿ.

ಗ್ರಾಮ ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ರಷ್ಟು ಅಂಗವಿಕಲರ ಕಲ್ಯಾಣಕ್ಕೆ ಮೀಸಲು. ಕಳೆದ ವರ್ಷ ಅದು ಯಾವುದಕ್ಕೆ ಖರ್ಚಾಯಿತು ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.